ಕೃಷ್ಣೆಯ ದಂಡೆಯಲ್ಲಿ ಮಾವನವರು

ನಮ್ಮ ಕಡೆ ಅಳಿಯನಿಗೆ ಏಕವಚನವಿಲ್ಲ. ಮದುವೆಯ ಹಿಂದಿನ ದಿನದವರೆಗೂ ‘ಬಾರೋ, ಹೋಗೋ’ ಅನ್ನಿಸಿಕೊಂಡು ಸುಖವಾಗಿದ್ದ ಮನುಷ್ಯ ತಾಳಿ ಕಟ್ಟಿದ ಮರುಕ್ಷಣವೇ ಬಹುವಚನನಾಗಿಬಿಡುತ್ತಾನೆ. ವ್ಯಾಕರಣದ ಈ ಬಡ್ತಿಯಿಂದ ತೂಕ ಹೆಚ್ಚುತ್ತದೆಯೇ ಹೊರತು ಸಲಿಗೆ ಹೆಚ್ಚುವುದಿಲ್ಲ. ಸುರಪುರದಲ್ಲಿರುವ ನನ್ನ ಮಾವ ಸಿದ್ರಾಮಪ್ಪನವರು ಹದಿನಾಲ್ಕು ವರ್ಷಗಳಿಂದ ನನ್ನನ್ನು ‘ಬರ್ರಿ ಅಳಿಯಾರ’, ‘ಕೂಡ್ರಿ ಅಳಿಯಾರ’, ‘ಇನ್ನೊಂದು ಹೋಳಿಗಿ ಹಾಕಿಸ್ಕೋರಿ ಅಳಿಯಾರ’ ಎಂಬ ಮೂರೇ ವಾಕ್ಯಗಳಲ್ಲಿ ಸಲಹಿಕೊಂಡು ಬಂದಿದ್ದರು. ನಾನು ‘ಹೌದ್ರಿ ಮಾವಾರ’, ‘ಸಾಕ್ರಿ ಮಾವಾರ’ ಎಂಬ ಎರಡರಲ್ಲಿ ಉತ್ತರಿಸುತ್ತಿದ್ದೆ. ನಮ್ಮ ನಡುವೆ ಗೌರವ ಎಷ್ಟು ತುಂಬಿಕೊಂಡಿತ್ತೆಂದರೆ ಮಾತು ಕೂಡಲು ಜಾಗವೇ ಇರಲಿಲ್ಲ.

ಹೀಗಿರಲಾಗಿ, ಸಂಕ್ರಾಂತಿ ಮುಗಿದ ಒಂದು ರವಿವಾರ ನಾನು ತಿಂಥಣಿಯಿಂದ ಕೃಷ್ಣೆಯ ಉತ್ತರ ದಂಡೆ ಹಿಡಿದು ದಿನವಿಡೀ ನಡೆಯಬೇಕೆಂದು ಮಾವನವರ ಮನೆಯಿಂದ ಹೊರಟಾಗ, ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಡಾಕ್ಟರು ಇವರಿಗೆ ನಡೀರಿ ಅಂತ ಹೇಳ್ಯಾರ. ಇವರು ನಡಿಯೋದು ಅಂಗಡಿತನಕ ಅಷ್ಟ. ನಿಮ್ಮ ಕೂಡ ಕರಕೊಂಡು ಹೋಗ್ರಿ” ಎಂದುಬಿಟ್ಟರು. ನಾನು ಶಹಾಪುರದ ಕಾಲೇಜೊಂದರ ಗ್ರಂಥಪಾಲಕ. ತುಟಿಯ ಮೇಲೆ ಬೆರಳಿಡುವುದೇ ನನ್ನ ವೃತ್ತಿ, ಪ್ರವೃತ್ತಿಯಾದ ಪಕ್ಷಿವೀಕ್ಷಣೆಗೂ ಮೌನವೇ ಬಂಡವಾಳ. ಮಾವನವರೋ ನಲವತ್ತು ವರ್ಷ ಹೊಲಿಗೆ ಯಂತ್ರದ ಸದ್ದಿನ ಮೇಲೆ ಗಿರಾಕಿಗಳೊಡನೆ ಮಾತಾಡಿ ಕಂಠವನ್ನು ಶಾಶ್ವತವಾಗಿ ಎತ್ತರಿಸಿಕೊಂಡ ಟೇಲರು. ಆದರೆ ಅಳಿಯನಾದವನು ‘ಒಲ್ಲೆ’ ಅನ್ನಲು ಬರುವುದಿಲ್ಲ. ಬಹುವಚನದ ಕಷ್ಟಗಳಲ್ಲಿ ಇದೂ ಒಂದು.

ತಿಂಥಣಿಯ ಮೌನೇಶ್ವರನ ಗುಡಿಯಲ್ಲಿ ಕೈಮುಗಿದು ದಂಡೆಗಿಳಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಬಲಕ್ಕೆ ಬಂಡೆಗಳ ನಡುವೆ ಹರಿದು ಹಂಚಿಹೋದ ನದಿ, ಎಡಕ್ಕೆ ಹತ್ತಿ ಹೊಲ, ಅದರಾಚೆ ಕಾಲುವೆ ನೀರಿನ ಭತ್ತದ ಗದ್ದೆ. ಒಂದು ಜೋಡಿ ಚಕ್ರವಾಕಗಳು ಮರಳದಿಬ್ಬದ ಮೇಲೆ ಕೇಸರಿ ಬಣ್ಣದಲ್ಲಿ ಹೊಳೆಯುತ್ತ ಕೂತಿದ್ದವು. ನಾನು ಉಸಿರು ಬಿಗಿಹಿಡಿದು ದುರ್ಬೀನು ಎತ್ತಿದೆ. ಅಷ್ಟರಲ್ಲಿ ಮಾವನವರು ಹತ್ತಿ ಬಿಡಿಸುತ್ತಿದ್ದವರ ಕಡೆ ತಿರುಗಿ, “ನಮ್ಮ ಅಳಿಯಾರು! ಹಕ್ಕಿ ನೋಡಾಕ ಬಂದಾರ!” ಎಂದು ನದಿಯ ಎರಡೂ ದಂಡೆಗೆ ಕೇಳುವಂತೆ ಪರಿಚಯಿಸಿದರು. ಚಕ್ರವಾಕಗಳು ಪರಿಚಯ ಒಲ್ಲದೆ ಹಾರಿಹೋದವು.

ಆಮೇಲೆ ತಿಳಿಯಿತು, ಮಾವನವರೂ ವೀಕ್ಷಕರೇ. ವಿಷಯ ಮಾತ್ರ ಬೇರೆ. ನಾನು ಬಾಲದ ಅಂಚು, ಕೊಕ್ಕಿನ ಬಾಗು ನೋಡಿ ಇದು ರೀವ ಹಕ್ಕಿ, ಅದು ನೀರುಕಾಗೆ ಎಂದು ಗುರುತಿಸುವಷ್ಟೇ ಖಚಿತವಾಗಿ ಅವರು ದೂರದ ಏರಿಯ ಮೇಲೆ ಹೋಗುವ ಮನುಷ್ಯನ ಬೆನ್ನು ನೋಡಿ, “ಅದು ನನ್ನ ಹೊಲಿಗಿ. ಭುಜ ನೋಡ್ರಿ ಹ್ಯಾಂಗ ಕುಂತದ” ಎನ್ನುತ್ತಿದ್ದರು. ದುರ್ಬೀನು ಕೊಟ್ಟೆ. ಮಿಂಚುಳ್ಳಿಯನ್ನು ತೋರಿಸಿದರೆ ಅದನ್ನು ಬಿಟ್ಟು ಆಚೆ ದಂಡೆಯ ಒಬ್ಬನ ಕಾಲರನ್ನು ಬಹಳ ಹೊತ್ತು ಪರೀಕ್ಷಿಸಿ, “ಇದು ರಾಯಚೂರು ಕಡೆದು. ನಮ್ಮದಲ್ಲ” ಎಂದು ನಿರಾಶರಾಗಿ ಮರಳಿಸಿದರು. ಮೊಸಳೆಯೊಂದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದನ್ನು ಮಾತ್ರ ಅವರೇ ಮೊದಲು ಕಂಡರು. ಕಂಡವರು ಅಲ್ಲಿಂದ ಮುಂದೆ ನದಿಗೂ ತಮಗೂ ನಡುವೆ ನನ್ನನ್ನಿಟ್ಟುಕೊಂಡು ನಡೆದರು.

ನನ್ನ ನಿಜವಾದ ಹಂಬಲ ಬೇರೆ ಇತ್ತು. ಮೂರು ಚಳಿಗಾಲದಿಂದ ನಾನು ಈ ದಂಡೆಗೆ ಬರುತ್ತಿದ್ದುದು ನೀರುನಾಯಿ ನೋಡಲು. ಕೆಸರಿನಲ್ಲಿ ಅದರ ಹೆಜ್ಜೆ ಕಂಡಿದ್ದೆ, ಬಂಡೆಯ ಮೇಲೆ ಮೀನಿನ ಪೊರೆ ತುಂಬಿದ ಅದರ ಹಿಕ್ಕೆ ಕಂಡಿದ್ದೆ. ದರ್ಶನ ಮಾತ್ರ ಆಗಿರಲಿಲ್ಲ. ಮಧ್ಯಾಹ್ನ ರೊಟ್ಟಿಬುತ್ತಿ ಬಿಚ್ಚಲು ನೆರಳು ಹುಡುಕುತ್ತ ಒಂದು ಬಂಡೆ ಬಳಸಿದೆವು. ಅಲ್ಲಿ, ಜೊಂಡಿನ ಪಕ್ಕ ಮೊಣಕಾಲುದ್ದದ ನೀರಿನಲ್ಲಿ, ಮೀನಿನ ಬಲೆಗೆ ಸಿಕ್ಕು ಒದ್ದಾಡುತ್ತಿತ್ತು ನೀರುನಾಯಿಯ ಮರಿ. ಕೊರಳಿಗೂ ಮುಂಗಾಲಿಗೂ ನೂಲು ಸುತ್ತಿಕೊಂಡಿತ್ತು. ತಲೆ ಮುಳುಗುತ್ತಿತ್ತು, ಏಳುತ್ತಿತ್ತು. ಜೊಂಡಿನ ಒಳಗಿನಿಂದ ಅದರ ತಾಯಿ ಸಿಳ್ಳೆ ಹೊಡೆದಂತೆ ಕೂಗುತ್ತಿತ್ತು.

ಓದುಗ ಮಿತ್ರರೇ, ನಾನು ಏನು ಮಾಡಿದೆ ಎಂದು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಕ್ಯಾಮೆರಾ ಎತ್ತಿದೆ. ಮೂರು ವರ್ಷದ ಹಸಿವು ಕಣ್ಣಿಗೆ ಬಂದು ಕೂತಿತ್ತು. ಒಂದು, ಎರಡು, ನಾಲ್ಕು ಚಿತ್ರ. ಬೆಳಕು ಚೆನ್ನಾಗಿದೆ, ಮೀಸೆಯ ಹನಿಗಳೂ ಬಂದಿವೆ ಎಂದು ಹಿಗ್ಗುತ್ತ ಐದನೆಯದಕ್ಕೆ ಬೆರಳೊತ್ತುವಾಗ, ಬೆನ್ನ ಹಿಂದೆ ಗುಡುಗು ಕೇಳಿತು:

“ಏ! ಅದನ್ನ ಕೆಳಗ ಇಡೋ! ಜೀವ ಹೋಗಾಕತ್ತೈತಿ, ಪಟ ಹೊಡಿತಾನ! ಬಾ ಇಲ್ಲೆ, ಹಿಡಿ!”

ತಿರುಗುವಷ್ಟರಲ್ಲಿ ಮಾವನವರು ಧೋತ್ರ ಎತ್ತಿಕಟ್ಟಿ, ನನ್ನನ್ನು ದಾಟಿ ನೀರಿಗಿಳಿದಿದ್ದರು. ನಾನು ಕ್ಯಾಮೆರಾವನ್ನು ಎಲ್ಲಿಟ್ಟೆನೋ ಗೊತ್ತಿಲ್ಲ, ನೀರಲ್ಲಿದ್ದೆ. ಅವರು ಹೆಗಲ ಮೇಲಿನ ವಲ್ಲಿಯನ್ನು ಮರಿಯ ತಲೆಯ ಮೇಲೆ ಹಾಕಿದರು, ನಾನು ಅದರ ಸಮೇತ ಆ ಜಾರುವ ಮೈಯನ್ನು ನೀರಿನಿಂದ ಮೇಲಕ್ಕೆತ್ತಿ ಅಪ್ಪಿಕೊಂಡೆ. ಅದರ ಎದೆ ನನ್ನ ಅಂಗೈಗೆ ಡವಡವ ಬಡಿಯುತ್ತಿತ್ತು.

“ಬೆರಳು ಹೋಗ್ತಾವ್ರಿ, ಬಿಡ್ರಿ!” ಎಂದು ಕೂಗುತ್ತ ಹರಿಗೋಲಿನಲ್ಲಿ ಬಂದವನು ಬಲೆಯ ಒಡೆಯ ದುರುಗಪ್ಪ. ಇಳಿದು ಹರಿದ ಬಲೆ ನೋಡುತ್ತಲೇ ಅವನ ಮುಖ ಕಪ್ಪಾಯಿತು. “ಈ ವರ್ಷ ಹರದ ಬಲಿ ಇದು ಮೂರನೇದು. ಮೀನು ತಿಂತಾವ, ಬಲಿ ಹರೀತಾವ. ಸಾಯ್ಲಿ ಬಿಡ್ರಿ ಅದು.”

ನಾನು ಗ್ರಂಥಾಲಯದ ದನಿಯಲ್ಲಿ, “ನೋಡ್ರಿ, ಇದು ಕಾನೂನಿನ ಪ್ರಕಾರ ಸಂರಕ್ಷಿತ ಪ್ರಾಣಿ” ಎಂದೆ.

“ನನ್ನ ಬಲಿಗೆ ಯಾರ್ರಿ ಸಂರಕ್ಷಣಿ?” ಎಂದ ದುರುಗಪ್ಪ.

ಮಾವನವರು ವಾದಿಸಲಿಲ್ಲ. ಬಲೆಯ ಒಂದು ಕಣ್ಣನ್ನು ಬೆರಳಲ್ಲಿ ಹಿಡಿದು ನೋಡಿ, ಕೈಗೆ ಸಿಕ್ಕ ಹಳೆಯ ಅಂಗಿಯ ಬಗ್ಗೆ ಕೇಳುವಂತೆ ಕೇಳಿದರು: “ಯಾರು ಹೆಣದಾರ ಇದನ್ನ? ಕೈ ಭಾಳ ಹದಾ ಐತಿ.”

“ನಾನಽ ಹೆಣದೀನ್ರಿ,” ಎಂದ ಅವನು, ಸ್ವಲ್ಪ ತಗ್ಗಿ.

“ಅದಕ್ಕ ನನಗೂ ಕತ್ತರಿಸಾಕ ಮನಸ್ಸು ಬರವಲ್ದು. ನಾನು ಸುರಪುರದಾಗ ಟೇಲರ್. ಎಷ್ಟು ಕೊಯ್ತೀವೋ ಅಷ್ಟೂ ಇವತ್ತ ಕುಂತು ಹೊಲದು ಎದ್ದು ಹೋಗ್ತೀನಿ. ನೀ ಹ್ಯಾಂಗ ಹೇಳ್ತಿ ಹಾಂಗ.”

ಜೊಂಡಿನೊಳಗೆ ತಾಯಿ ಮತ್ತೆ ಕೂಗಿತು. ಈ ಸಲ ಕೂಗು ಹತ್ತಿರ ಬಂದಿತ್ತು. ದುರುಗಪ್ಪ ಆ ಕಡೆ ನೋಡಿದ, ವಲ್ಲಿಯ ಗಂಟಿನ ಕಡೆ ನೋಡಿದ, ಏನೋ ಬೈದುಕೊಂಡ. ಆಮೇಲೆ ಸೊಂಟದಿಂದ ಚಾಕು ತೆಗೆದು, “ಗಟ್ಟಿ ಹಿಡೀರಿ” ಎಂದು ತಾನೇ ಕೊರಳ ಹತ್ತಿರದ ನೂಲಿಗೆ ಕೈಹಾಕಿದ. ಒಂದೊಂದೇ ಎಳೆ. ಕೊನೆಯ ಎಳೆ ಕಡಿದಾಗ ಮರಿಯು ನನ್ನ ಹೊಸ ಅಂಗಿಗೆ ಯಥೇಚ್ಛ ಅಭಿಷೇಕ ಮಾಡಿ, ಕೈಯಿಂದ ಜಾರಿ, ನೀರಿನಲ್ಲಿ ಒಂದು ಗೆರೆಯಾಗಿ ಜೊಂಡಿನೊಳಗೆ ಮರೆಯಾಯಿತು. ಅದರ ಬಿಡುಗಡೆಯ ಚಿತ್ರ ನನ್ನಲ್ಲಿಲ್ಲ. ಎರಡೂ ಕೈಗೆ ಕೆಲಸವಿತ್ತು.

ಮಧ್ಯಾಹ್ನವೆಲ್ಲ ಬಲೆಯ ರಿಪೇರಿ. ಟೇಲರಿಕೆಯೇ ಬೇರೆ, ಬಲೆ ಹೆಣೆಯುವುದೇ ಬೇರೆ ಎಂಬುದು ಎರಡನೆಯ ಗಂಟಿಗೇ ಗೊತ್ತಾಯಿತು. ಮಾವನವರು ಹಾಕಿದ ಗಂಟನ್ನು ದುರುಗಪ್ಪ ಎಳೆದು ನೋಡುತ್ತಿದ್ದ, ಅದು ಜಾರುತ್ತಿತ್ತು. “ಬಿಚ್ರಿ, ಮತ್ತ ಹಾಕ್ರಿ.” ಬಿಚ್ಚಿದರು, ಹಾಕಿದರು. ಅರ್ಧ ಸುರಪುರಕ್ಕೆ ಅಂಗಿ ತೊಡಿಸಿದ ಮನುಷ್ಯ, ನಾಲಿಗೆಯ ತುದಿ ಕಚ್ಚಿಕೊಂಡು, ತಪ್ಪಾದಾಗಲೆಲ್ಲ ನಗುತ್ತ, ಹೊಸ ಗಂಟು ಕಲಿಯುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿ ಮೂವರೂ ಹಂಚಿಕೊಂಡೆವು. “ಏನು ನೋಡಾಕತ್ತಿ, ಆ ತುದಿ ಹಿಡಿ” ಎಂದು ಅವರು ನನಗೆ ಹೇಳಿದಾಗ, ತಮ್ಮ ಮಾತಿನಿಂದ ‘ರಿ’ ಉದುರಿಹೋಗಿದ್ದು ಅವರ ಲಕ್ಷ್ಯದಲ್ಲೇ ಇರಲಿಲ್ಲ. ನಾನು ಹೆಕ್ಕಿ ಕೊಡಲಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ಹಾಗೆ ಗದರುವವರು ಯಾರೂ ಉಳಿದಿರಲಿಲ್ಲ. ಅದಿಲ್ಲದೆ ಇಷ್ಟು ದಿನ ಎಷ್ಟು ದಣಿದಿದ್ದೆ ಎಂಬುದು ಬಲೆಯ ತುದಿ ಹಿಡಿದು ಕೂತಾಗ ತಿಳಿಯಿತು.

ಕೊನೆಯ ಗಂಟು ಹಾಕಿ ಬಲೆ ಮಡಚುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಸ್ಸಿನ ಹೊತ್ತಾಯಿತೆಂದೆ. ಮಾವನವರು ಏಳಲಿಲ್ಲ. ಬಂಡೆಗೆ ಬೆನ್ನುಕೊಟ್ಟು ಜೊಂಡಿನ ಕಡೆಗೇ ನೋಡುತ್ತ ಕೂತರು. ನಲವತ್ತು ವರ್ಷ ಎತ್ತರಿಸಿದ ಕಂಠ ಒಂದು ಗಳಿಗೆ ಉಸಿರಷ್ಟು ಮೆಲ್ಲಗಾಯಿತು: “ಸುಮ್ನ ಕೂಡು.”

ಕೂತೆವು. ಬಸ್ಸು ಹೋದದ್ದು ದೂರದಲ್ಲಿ ಕೇಳಿಸಿತು. ಹೊಳೆ ಹಿತ್ತಾಳೆ ಬಣ್ಣಕ್ಕೆ ತಿರುಗಿದ ಹೊತ್ತಿಗೆ ಜೊಂಡು ಅಲುಗಿ ಐದು ತಲೆಗಳು ಸಾಲಾಗಿ ಹೊರಬಂದವು. ಎರಡು ದೊಡ್ಡವು, ಮೂರು ಮರಿ. ಮುಳುಗಿದವು, ಎದ್ದವು, ಒಂದರ ಮೇಲೊಂದು ಹೊರಳಿದವು. ಮಾವನವರು ನನ್ನ ಮೊಣಕೈ ಹಿಡಿದರು.

“ಕಡೀದು. ಅದಽ ನಮ್ಮದು.”

ನನ್ನ ಟಿಪ್ಪಣಿ ಪುಸ್ತಕಕ್ಕೆ ಒಂದು ನಿಯಮವಿದೆ: ಖಚಿತವಾಗಿ ಗುರುತಿಸದ ಯಾವುದನ್ನೂ ಅದರಲ್ಲಿ ಬರೆಯುವುದಿಲ್ಲ. ಸಂಜೆಗತ್ತಲಲ್ಲಿ, ಅಷ್ಟು ದೂರದಲ್ಲಿ, ಮೂರು ಮರಿಗಳಲ್ಲಿ ಯಾವುದು ಯಾವುದೆಂದು ಯಾವ ಪಂಡಿತನೂ ಹೇಳಲಾರ. ನಾನು ಪೆನ್ನು ತೆಗೆದು ಆ ದಿನದ ಪುಟದಲ್ಲಿ ಬರೆದೆ: ‘ನೀರುನಾಯಿ, ಐದು. ಕೊನೆಯದು ನಮ್ಮದು.’