ಕೋಡುಬಳೆ ಹಿಡಿಯದ ಬಾಯಿ

ಬೆಂಕಿ ದೊಡ್ಡದೇನಲ್ಲ. ಬಾಣಲೆಯ ಎಣ್ಣೆ ಹೊತ್ತಿಕೊಂಡು ಅಡುಗೆಮನೆಯ ಕಿಟಕಿ ಸುಟ್ಟಿತು, ಅಷ್ಟೆ. ನಾನು ಹೆದರಿದ್ದು ಅದನ್ನು ಆರಿಸಿದವನ ಬಾಯಿ ನೋಡಿ.

ಬಾಣಸವಾಡಿಯ ನಮ್ಮ ಮನೆ ಮುಂದೆ ಅಗ್ನಿಶಾಮಕದವರು ಪೈಪು ಸುತ್ತುತ್ತಿದ್ದರು. ಬೆಂಕಿಗೆ ಮೊದಲೇ ಕರಿದಿಟ್ಟಿದ್ದ ಕೋಡುಬಳೆಯನ್ನು ಅವರಿಗೆ ಕೊಟ್ಟೆ. ಒಬ್ಬ ಮಾತ್ರ ಅದನ್ನು ಚೂರುಚೂರು ಮಾಡಿ ಹಲ್ಲಿನ ಸಂದಿಯಲ್ಲಿ ತೂರಿಸಿಕೊಂಡ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹೊಗೆಸೊಪ್ಪು ಹಾಕುತ್ತಿದ್ದ ನಮ್ಮ ಯಜಮಾನರಿಗೂ ಹೀಗೇ ಶುರುವಾಗಿತ್ತು. ಕೊನೆಗೆ ಗಂಜಿಯೂ ಇಳಿಯಲಿಲ್ಲ.

"ಎಷ್ಟು ವರ್ಷದಿಂದ ಹಾಕ್ತಿದೀಯಪ್ಪ ಹೊಗೆಸೊಪ್ಪು?" ಎಂದೆ.

"ಕೆಲಸಕ್ಕೆ ಸೇರಿದಾಗಿಂದ ಅಜ್ಜಿ. ಬೆಂಕಿ ಆರ್ಸೋರೇ ಬೀಡಿ ಹಚ್ಚಿದ್ರೆ ಜನ ನಗಲ್ವಾ?"

ಮೊದಲು ಆಸ್ಪತ್ರೆಗೆ ಹೋಗೆಂದು ಬೈದೆ. ಅವನು ನನ್ನ ಸೊಂಟದಲ್ಲಿದ್ದ ಎಲೆಅಡಿಕೆ ಚೀಲ ತೋರಿಸಿ, "ಅದ್ರಲ್ಲಿರೋ ಕಡ್ಡಿಪುಡೀನೂ ಹೊಗೆಸೊಪ್ಪೇ ಅಲ್ವಾ? ಅದನ್ನ ನೀವು ಬಿಡಿ, ನಾನೂ ಹೋಗ್ತೀನಿ" ಎಂದ. ನಾನು ಚೀಲವನ್ನು ಸೆರಗಿನಡಿ ಮುಚ್ಚಿಕೊಂಡೆ. ಗಂಡನನ್ನು ಮಣ್ಣು ಮಾಡಿ ಬಂದ ದಿನವೂ ನಾನು ಅದನ್ನು ಬಾಯಿಗೆ ಹಾಕಿಕೊಂಡವಳು.

ಮಾರನೆಯ ಬೆಳಿಗ್ಗೆ ಚೀಲದ ಡಬ್ಬಿಯಲ್ಲಿದ್ದ ಕಡ್ಡಿಪುಡಿಯನ್ನು ಮೋರಿಗೆ ಸುರಿದೆ. ಡಬ್ಬಿ ತೊಳೆದು, ಹುರಿದ ಸೋಂಪು ತುಂಬಿಕೊಂಡು, ಅವರ ಠಾಣೆಯ ಗೇಟಿನಲ್ಲಿ ನಿಂತೆ. ಡ್ಯೂಟಿ ಮುಗಿಸಿ ಬಂದ ಅವನ ಕೈಗೆ ಅದನ್ನಿಟ್ಟು, "ನಾನು ಬಿಟ್ಟೆ, ಈಗ ನಡಿ" ಎಂದೆ. ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ, "ಪೇಷಂಟ್ ಯಾರಮ್ಮ?" ಎಂದು ಕೇಳಿದಳು.

"ಇಬ್ರೂನು" ಎಂದೆ.