ಸ್ಟೆಪ್ಪೇ ಇಲ್ಲದ ಡ್ಯಾನ್ಸು

ಈ ಶನಿವಾರ ಬೆಳಿಗ್ಗೆ ಒಗ್ಗರಣೆಗೆಂದು ಬಾಗಿಲ ಹೊರಗಿನ ಕುಂಡದಿಂದ ಒಂದು ಎಸಳು ಕರಿಬೇವು ಕಿತ್ತೆ. ಅದರ ವಾಸನೆ ನಿಮಗೆ ಗೊತ್ತಿರುವುದೇ. ಎಲೆ ಎಣ್ಣೆಯಲ್ಲಿ ಸಿಡಿದು ಮುಗಿದರೂ ವಾಸನೆ ಬೆರಳ ತುದಿ ಬಿಟ್ಟು ಹೋಗುವುದಿಲ್ಲ. ಸೋಪು ಹಾಕಿ ತೊಳೆದರೆ ಸೋಪಿಗೂ ಹತ್ತಿಕೊಳ್ಳುತ್ತದೆ. ಬೇರೆಯವರಿಗೆ ಇದರಿಂದ ಅಮ್ಮನ ನೆನಪಾಗಬಹುದು, ಸಾರಿನ ನೆನಪಾಗಬಹುದು. ನನಗೆ ಡ್ಯಾನ್ಸ್ ಕ್ಲಾಸಿನ ನೆನಪಾಗುತ್ತದೆ. ನಗಬೇಡಿ. ನಗಲೇಬೇಕೆಂದಿದ್ದರೆ ಸ್ವಲ್ಪ ತಡೆಯಿರಿ, ಮುಂದೆ ಅದಕ್ಕೆ ಬೇಕಾದಷ್ಟು ಅವಕಾಶವಿದೆ.

ನನಗೂ ಕುಣಿತಕ್ಕೂ ಮೊದಲಿನಿಂದ ಅಷ್ಟಕ್ಕಷ್ಟೆ. ಶಾಲೆಯ ವಾರ್ಷಿಕೋತ್ಸವದಲ್ಲಿ, ಎತ್ತರವಾಗಿದ್ದೇನೆಂಬ ಒಂದೇ ಕಾರಣಕ್ಕೆ, ನನ್ನನ್ನು ಮರ ಮಾಡಿ ಹಿಂದೆ ನಿಲ್ಲಿಸಿದ್ದರು. ಗಾಳಿ ಬೀಸಿದಾಗ ಅಲುಗಾಡುವುದಷ್ಟೇ ನನ್ನ ಕೆಲಸ. ನಾನು ಗಾಳಿ ನಿಂತ ಮೇಲೆ ಅಲುಗಾಡಿದೆ. ಆಮೇಲೆ ಯಾವ ವೇದಿಕೆಯೂ ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಮದುವೆಯಾಗಿ ಅಬುಧಾಬಿಗೆ ಬಂದು, ಮಗಳನ್ನು ಸಾಕಿ, ಮೈ ದಪ್ಪವಾಗಿ, ಕೂದಲು ಬಿಳಿಯಾಗುವ ಹೊತ್ತಿಗೆ ಕುಣಿಯಲು ಹೋದೆನೆಂದರೆ ಅದಕ್ಕೆ ಹಿಲ್ಡಾ ಬಾಯಿಯೇ ಕಾರಣ.

ಹಿಲ್ಡಾ ಬಾಯಿ (ಕೊಂಕಣಿಯಲ್ಲಿ ಬಾಯಿ ಎಂದರೆ ಅಕ್ಕ) ಶಿರ್ವದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಬಡಾವಣೆಯಲ್ಲಿ ಒಂದೇ ವಿಲ್ಲಾದ ಮೇಲಿನ ಮನೆ ಅವರದು, ಕೆಳಗಿನದು ನಮ್ಮದು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಅವರಿಗೆ ಕಾರು ಇತ್ತು, ನನಗೆ ಡ್ರೈವಿಂಗ್ ಬರುವುದಿಲ್ಲ. ನಮ್ಮ ಗೆಳೆತನ ಶುರುವಾದದ್ದು ಇಷ್ಟರಿಂದಲೇ. ಪ್ರತಿ ಶನಿವಾರ ಬೆಳಿಗ್ಗೆ ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಬಂಗುಡೆಯ ಕಿವಿರು ಎತ್ತಿ ನೋಡುವುದು ಅವರು, ಚೀಲ ಹಿಡಿಯುವುದು ನಾನು. ಬಂದ ಮೇಲೆ ಅವರ ಅಡುಗೆಮನೆಯಲ್ಲಿ ಚಹಾ, ಊರವರ ಸುದ್ದಿ, ಕೊನೆಗೆ ಅವರ ಬಾಲ್ಕನಿಯ ಕುಂಡದಿಂದ ಕರಿಬೇವು. ನಾನು ಕೇಳದೇ ಕೀಳುತ್ತಿದ್ದೆ. "ಕಳ್ಳಿ, ಗಿಡ ಬೋಳು ಮಾಡ್ಬೇಡ!" ಎಂದು ಅವರು ಒಳಗಿನಿಂದ ಕೂಗುತ್ತಿದ್ದರು. ಹೊರಗೆ ಬಂದು ಒಮ್ಮೆಯೂ ತಡೆದವರಲ್ಲ.

ಹೀಗೊಂದು ದಿನ ಚಹಾ ಸೋಸುತ್ತಾ ಅವರು ಹೇಳಿದರು: "ರಿಟೈರ್‌ಮೆಂಟ್ ಲೆಟರ್ ಬಂತು ಮಾರಾಯ್ತಿ. ಬೇಸಿಗೆ ಕಳೆದ ಮೇಲೆ ವೀಸಾ ಕ್ಯಾನ್ಸಲ್. ಖಲಾಸ್, ಊರಿಗೆ."

ಗಲ್ಫಿನಲ್ಲಿ ಇರುವವರಿಗೆ ಇದು ಹೊಸ ಸುದ್ದಿಯಲ್ಲ. ಇಲ್ಲಿ ಯಾರೂ ಉಳಿಯಲು ಬಂದವರಲ್ಲ ಎಂದು ನಾವೇ ದಿನಕ್ಕೊಮ್ಮೆ ಹೇಳಿಕೊಳ್ಳುತ್ತೇವೆ. ಆದರೆ ಹಿಲ್ಡಾ ಬಾಯಿ ಹೋಗುವುದು ನನಗೆ ಇಷ್ಟವಿರಲಿಲ್ಲ, ಒಂದಿಷ್ಟೂ ಇರಲಿಲ್ಲ. ಅದನ್ನು ಹೇಳಬೇಕಾದ ನನ್ನ ಬಾಯಿ ಏನೆಂದಿತು ಗೊತ್ತೇ? "ಹೌದಾ? ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು."

ಅವರು ನನ್ನ ಮುಖ ನೋಡಿದರು, ಸಕ್ಕರೆ ಹಾಕಿದರು. ಮುಂದಿನ ಶನಿವಾರ ಕಾರಿನಲ್ಲಿ ಕೂತ ಮೇಲೆ ಘೋಷಿಸಿದರು: "ಮುಂದಿನ ವಾರದಿಂದ ಮೀನು ಮಧ್ಯಾಹ್ನ. ಬೆಳಿಗ್ಗೆ ಡ್ಯಾನ್ಸ್ ಕ್ಲಾಸ್. ಸ್ಟೆಪ್ ಕಲಿಸುದಿಲ್ಲ, ಮೈ ಹೇಳಿದ ಹಾಗೆ ಕುಣಿಯುದು. ನನ್ನ ಮೊಣಕಾಲಿಗೆ ಒಳ್ಳೇದಂತೆ. ಒಬ್ಬಳೇ ಹೋಗ್ಲಿಕ್ಕೆ ನಾಚಿಕೆ, ನೀನೂ ಬಾ." ನಾಚಿಕೆ ಎಂಬ ಶಬ್ದ ಅವರ ಬಾಯಿಂದ ಬಂದದ್ದು ಅದೇ ಮೊದಲು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮನೆಯಲ್ಲಿ ಇದಕ್ಕೆ ಸಿಕ್ಕ ಸ್ವಾಗತವನ್ನೂ ಹೇಳಿಬಿಡುತ್ತೇನೆ. ನಮ್ಮವರು ಪೇಪರಿನಿಂದ ತಲೆಯೆತ್ತದೆ, "ಸ್ಟೆಪ್ಪೇ ಇಲ್ಲದ ಡ್ಯಾನ್ಸಿಗೆ ಕ್ಲಾಸ್ ಎಂತಕ್ಕೆ? ಇಲ್ಲೇ ಹಾಲ್‌ನಲ್ಲಿ ಕುಣಿ, ನಾನು ಕಣ್ಣು ಮುಚ್ಕೊಳ್ತೇನೆ" ಎಂದರು. ಮಗಳು, "ಅಮ್ಮಾ, ಪ್ಲೀಸ್, ನೋ ವಿಡಿಯೋಸ್" ಎಂದಳು. ಇಬ್ಬರಿಗೂ ಆ ದಿನ ಉಪ್ಪಿಟ್ಟು ಮಾತ್ರ ಮಾಡಿಟ್ಟೆ.

ಕ್ಲಾಸ್ ನಡೆಯುತ್ತಿದ್ದದ್ದು ಒಂದು ಉದ್ದನೆಯ ಕೋಣೆಯಲ್ಲಿ. ಪರದೆ ಎಳೆದು ಅರೆಗತ್ತಲೆ ಮಾಡಿದ್ದರು, ಮೂಲೆಯಲ್ಲಿ ಏನೋ ಧೂಪ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಎಂದಾಗ ಪೂಜೆಗೆ ಬಂದ ಹಾಗಾಗಿ ನನಗೆ ಸ್ವಲ್ಪ ಧೈರ್ಯ ಬಂತು. ಕಲಿಸುವವಳ ಹೆಸರು ಎಲೆನಾ. ಯಾವ ದೇಶದವಳೆಂದು ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಮೈಯಲ್ಲಿ ಎಲುಬಿನ ಬದಲು ನೀರು ತುಂಬಿಸಿಕೊಂಡವಳ ಹಾಗೆ ನಡೆಯುತ್ತಿದ್ದಳು. ಅವಳ ನಿಯಮಗಳು ಸಣ್ಣವು: ಮಾತಿಲ್ಲ, ಸರಿ-ತಪ್ಪಿಲ್ಲ, ಕಣ್ಣು ಮುಚ್ಚಿ, ಮೈ ಏನು ಕೇಳುತ್ತದೋ ಅದನ್ನು ಮಾಡಿ.

ಹಿಲ್ಡಾ ಬಾಯಿ ಕೂಡಲೇ ಕೈ ಎತ್ತಿದರು. ಅವರಿಗೆ ಕುಣಿತ ಹೊಸದಲ್ಲ. ಹರೆಯದಲ್ಲಿ ದುಬೈಯ ದೇರಾದಲ್ಲಿ ಒಂದು ಕೋಣೆಯಲ್ಲಿ ನಾಲ್ಕೈದು ಹುಡುಗಿಯರು ಒಟ್ಟಿಗೆ ಇದ್ದಾಗ, ತಮ್ಮವರ ಮದುವೆ ರಿಸೆಪ್ಶನ್ ಒಂದನ್ನೂ ಅವರು ಬಿಟ್ಟವರಲ್ಲ. ಗಂಡ ಗ್ರೆಗರಿಯವರು ಸಿಕ್ಕಿದ್ದೂ ಅಂಥ ಒಂದು ಮದುವೆಯ ಜೋಡಿ ಕುಣಿತದಲ್ಲೇ. ಆ ಕುಣಿತದಲ್ಲಿ ಒಬ್ಬರು ನಡೆಸಬೇಕು, ಇನ್ನೊಬ್ಬರು ಹಿಂಬಾಲಿಸಬೇಕು. ಹಾಗಾಗಿ ಇಂಗ್ಲಿಷಿನಲ್ಲಿ ಕೇಳಿದರು, ಇಲ್ಲಿ ನಡೆಸುವವರು ಯಾರು ಎಂದು.

ಯಾರೂ ಇಲ್ಲ ಎಂದು ಎಲೆನಾ ಮುಗುಳ್ನಕ್ಕಳು.

ಹಿಲ್ಡಾ ಬಾಯಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಲೀಡ್ ಮಾಡುವವರೇ ಇಲ್ಲದಿದ್ರೆ, ಕಾಲು ತುಳಿದದ್ದಕ್ಕೆ ಬೈಯುದು ಯಾರಿಗೆ ಮಾರಾಯ್ತಿ?"

ಸಂಗೀತ ಶುರುವಾಯಿತು. ನಾನು ಕಣ್ಣು ಮುಚ್ಚಿದೆ. ಮುಚ್ಚಿ ಎಷ್ಟು ಹೊತ್ತು ಇರಲಿ ಹೇಳಿ? ಒಂದು ಕೋಣೆ ತುಂಬ ಜನ ಕಣ್ಣು ಮುಚ್ಚಿ ಮನಸ್ಸಿಗೆ ಬಂದ ಹಾಗೆ ಕುಣಿಯುತ್ತಿರುವಾಗ ನೋಡದೇ ಇರುವುದು ನಮ್ಮ ಕಡೆಯವರಿಂದ ಆಗುವ ಕೆಲಸವಲ್ಲ. ಒಂದು ಕಣ್ಣು ತೆರೆದೆ. ಒಬ್ಬ ಭಾರಿ ಗಾತ್ರದ ಈಜಿಪ್ಟಿನ ಮನುಷ್ಯ ನೆಲದ ಮೇಲೆ ಮಗುವಿನ ಹಾಗೆ ಉರುಳುತ್ತಿದ್ದ. ಒಬ್ಬಾಕೆ ಗೋಡೆಯನ್ನು ಅಪ್ಪಿಕೊಂಡಿದ್ದಳು. ಕಣ್ಣು ಇನ್ನೂ ಸ್ವಲ್ಪ ತಿರುಗಿಸಿದರೆ, ಹಿಲ್ಡಾ ಬಾಯಿಯೂ ಒಂದೇ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಾರೆ! ನಮಗೆ ನಗು ತಡೆಯಲಾಗಲಿಲ್ಲ. ಎಲೆನಾ ಅದನ್ನು ಭಾವನೆಯ ಬಿಡುಗಡೆ ಎಂದು ತಿಳಿದು ನಮ್ಮ ಬೆನ್ನು ಸವರಿದಳು.

ಎರಡನೆಯ ವಾರವೋ ಮೂರನೆಯದೋ, ನನ್ನ ಮಾನ ಪೂರ್ತಿ ಹೋಯಿತು. ಮೈ ಏನು ಕೇಳುತ್ತದೋ ಅದನ್ನು ಮಾಡಿ ಎಂದು ಎಲೆನಾ ಮತ್ತೆ ಮತ್ತೆ ಹೇಳುತ್ತಿದ್ದಳು. ನನ್ನ ಮೈಗೆ ಕೇಳಿ ಅಭ್ಯಾಸವಿಲ್ಲ, ಮಾಡಿ ಅಭ್ಯಾಸ. ಅದು ತನಗೆ ಗೊತ್ತಿದ್ದದ್ದನ್ನು ಮಾಡಿತು. ನೋಡನೋಡುತ್ತಿದ್ದಂತೆ ನಾನು ನೆಲಕ್ಕೆ ಕುಕ್ಕರಿಸಿ, ಮುಂದೆ ಬಾಗಿ, ಎರಡು ಕೈಯನ್ನೂ ತಿರುಗಿಸುತ್ತಾ ತೆಂಗಿನಕಾಯಿ ತುರಿಯುತ್ತಿದ್ದೆ. ಚಿಕ್ಕಂದಿನಲ್ಲಿ ಹೆರೆಮಣೆಯ ಮೇಲೆ ಕೂತು ಕಲಿತದ್ದು. ಇಲ್ಲಿಗೆ ಬಂದ ಮೇಲೆ ಪ್ಯಾಕೆಟ್ ತುರಿಯೇ ಆದರೂ ಕೈ ಮರೆತಿರಲಿಲ್ಲ. ಎಲೆನಾ ಓಡಿಬಂದಳು. ಎಷ್ಟು ಆಳವಾಗಿದೆ, ಭೂಮಿಯ ಜೊತೆ ಮಾತನಾಡುವ ಹಾಗಿದೆ, ಎಲ್ಲರೂ ಇವರನ್ನು ಅನುಸರಿಸಿ ಎಂದಳು. ಇಡೀ ಕೋಣೆ ಕುಕ್ಕರಿಸಿತು. ಆ ಈಜಿಪ್ಟಿನ ಮನುಷ್ಯ ಬೆವರು ಸುರಿಸಿಕೊಂಡು ಬಹಳ ಶ್ರದ್ಧೆಯಿಂದ ಕಾಯಿ ತುರಿದ.

ನನ್ನ ಬೆನ್ನ ಹಿಂದಿನಿಂದ ಹಿಲ್ಡಾ ಬಾಯಿಯ ಪಿಸುದನಿ ಬಂತು: "ಸಾಕು ಮಾರಾಯ್ತಿ, ಇಷ್ಟು ಕಾಯಿಗೆ ಇಡೀ ಊರಿಗೆ ಮೀನ್ ಸಾರು ಮಾಡ್ಬಹುದು."

ಕ್ಲಾಸಿನ ಕೊನೆಗೆ ವೃತ್ತಾಕಾರವಾಗಿ ಕೂತು ಒಬ್ಬೊಬ್ಬರೂ ಒಂದೇ ಶಬ್ದದಲ್ಲಿ ತಮ್ಮ ಅನುಭವ ಹೇಳಬೇಕಿತ್ತು. ಒಬ್ಬರು ಬೆಳಕು ಎಂದರು, ಒಬ್ಬರು ಸಮುದ್ರ ಎಂದರು. ಹಿಲ್ಡಾ ಬಾಯಿ ಪ್ರತಿವಾರ ತಪ್ಪದೆ ಹೇಳುತ್ತಿದ್ದದ್ದು ಒಂದೇ: ಹಸಿವು. ಎಲೆನಾ ಪ್ರತಿವಾರವೂ ಅದಕ್ಕೊಂದು ಹೊಸ ಆಧ್ಯಾತ್ಮಿಕ ಅರ್ಥ ಹುಡುಕಿ ತಲೆದೂಗುತ್ತಿದ್ದಳು. ಅವರ ಅರ್ಥ ಬಂಗುಡೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಈ ನಡುವೆ ಮೇಲಿನ ಮನೆ ಖಾಲಿಯಾಗತೊಡಗಿತು. ಇಲ್ಲಿರುವ ನಮ್ಮ ಊರವರಲ್ಲಿ ಒಂದು ಪದ್ಧತಿ ಉಂಟು. ಯಾರಾದರೂ ಕ್ಯಾನ್ಸಲ್ ಆಗಿ ಊರಿಗೆ ಹೊರಟರೆಂದರೆ, ಗೊತ್ತಿದ್ದವರೆಲ್ಲ ಬಂದು ಅವರ ಸಾಮಾನನ್ನು ಮೊದಲೇ ಬುಕ್ ಮಾಡುತ್ತಾರೆ. ಇದರಲ್ಲಿ ಯಾರಿಗೂ ಬೇಸರವಿಲ್ಲ. ತಮ್ಮ ಗ್ರೈಂಡರ್ ಗುರುತಿನವರ ಮನೆಯಲ್ಲಿ ತಿರುಗುತ್ತದೆ ಎಂಬುದೇ ಹೋಗುವವರಿಗೆ ಸಮಾಧಾನ. ಹಿಲ್ಡಾ ಬಾಯಿಯ ಗ್ರೈಂಡರನ್ನು ಚರ್ಚಿನ ಪರಿಚಯದವರು ಬುಕ್ ಮಾಡಿದರು, ಪರದೆಗಳನ್ನು ಆಸ್ಪತ್ರೆಯ ಸಿಸ್ಟರ್ ಒಬ್ಬರು. ಪಕ್ಕದ ವಿಲ್ಲಾದ ಜೊಹರಾ, ಉಳ್ಳಾಲದ ಬ್ಯಾರಿ ಹುಡುಗಿ, ಬಾಲ್ಕನಿಯ ಕರಿಬೇವನ್ನು ಬುಕ್ ಮಾಡಿದಳು. ನಾನು ಏನನ್ನೂ ಬುಕ್ ಮಾಡಲಿಲ್ಲ. ಒಂದು ಚಮಚ ಬುಕ್ ಮಾಡಿದರೂ ಅವರು ಹೋಗುವುದನ್ನು ಒಪ್ಪಿ ಸಹಿ ಹಾಕಿದಂತೆ ಎಂದು ನನ್ನ ಲೆಕ್ಕ.

ಅವರು ಬಿಟ್ಟಾರೆಯೇ? ಕ್ಲಾಸಿನಿಂದ ಬರುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಿತು.

"ಎಲ್ಲರೂ ಒಂದೊಂದು ಹೇಳಿ ಆಯ್ತು. ನಿನಗೆ ಎಂತ ಬೇಕು?"

"ಎಂತ ಬೇಡ ಬಾಯಿ."

"ಆ ದೊಡ್ಡ ಕುಕ್ಕರ್?"

"ನಮ್ಮಲ್ಲಿ ಉಂಟು."

"ಸಿಟ್ಟಾ?"

"ಸಿಟ್ಟು ಎಂತಕ್ಕೆ? ಗ್ರೀನ್ ಬಿತ್ತು, ಹೋಗಿ."

ಅವರು ಕಾರು ಬಿಟ್ಟರು. ಸ್ವಲ್ಪ ಮುಂದೆ ಹೋದ ಮೇಲೆ, ರಸ್ತೆಯನ್ನೇ ನೋಡುತ್ತಾ ಹೇಳಿದರು: "ನನ್ನ ಮೊಣಕಾಲಿಗೆ ಎಂತ ಆಗಿಲ್ಲ, ತಿಳ್ಕೊ. ನಾನು ಹೋದ ಮೇಲೆ ನೀನು ಶನಿವಾರ ಇಡೀ ಸೋಫಾದಲ್ಲಿ ಕೂತ್ಕೊಂಡು ಸೀರಿಯಲ್ ನೋಡ್ತಿ. ಯಾರ ಹತ್ರವೂ ಹೋಗುದಿಲ್ಲ, ಯಾರನ್ನೂ ಕರಿಯುದಿಲ್ಲ. ನನಗೆ ಗೊತ್ತುಂಟು ನಿನ್ನ ಹಣೆಬರಹ. ಹಾಗೆ ಈ ಕ್ಲಾಸ್ ನಿನಗೆ ನಾನೇ ಬುಕ್ ಮಾಡಿದ್ದು. ಬಿಡ್ಬಾರ್ದು, ಹೇಳಿದ್ದೇನೆ."

ಉತ್ತರ ಕೊಡಬೇಕಾದ ಜಾಗದಲ್ಲಿ ನಾನು ಎಸಿ ಜಾಸ್ತಿಯಾಯಿತು ಎಂದೆ. ಅವರು ಕಮ್ಮಿ ಮಾಡಿದರು.

ಅವರ ಕೊನೆಯ ಕ್ಲಾಸಿನಲ್ಲಿ ಎಲೆನಾ ಜೋಡಿ ಮಾಡಿಸಿದಳು. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ಕಣ್ಣು ಬಿಟ್ಟುಕೊಂಡು ಅವರ ಕೈ ಹಿಡಿದು ಕೋಣೆ ತುಂಬ ನಡೆಸಬೇಕು. ಕೊನೆಗೂ ನಡೆಸುವವರು ಎಂಬ ಒಂದು ಪದವಿ ಹುಟ್ಟಿತು ಎಂದು ಹಿಲ್ಡಾ ಬಾಯಿಗೆ ಮಹಾ ಖುಷಿ. ನನ್ನ ಕೈಗಳೆರಡನ್ನೂ ಹಿಡಿದು, ರೋಗಿಯನ್ನು ನಡೆಸುವ ನರ್ಸಿನ ಹಿಡಿತದಲ್ಲೇ, ಹಿಂದಕ್ಕೆ ಮುಂದಕ್ಕೆ ತಿರುಗಿಸಿದರು. ನನ್ನ ರೆಪ್ಪೆ ಎಂದಿನಂತೆ ಅದುರಿತು. ಮಾತಾಡಬಾರದೆಂಬ ನಿಯಮ ಅವರಿಗೆ ಅನ್ವಯಿಸುವುದು ಎಂದೋ ನಿಂತಿತ್ತು.

"ಕಣ್ಣು ಬಿಡ್ಬೇಡ" ಎಂದರು ಮೆಲ್ಲಗೆ. "ನಾನು ಉಂಟಲ್ಲ."

ಬಿಡಬೇಡ ಎಂದ ಮೇಲೆ ಬಿಡದೇ ಇರುವುದು ಹೇಗೆ? ಒಂದು ಕಣ್ಣನ್ನು ಒಂದಿಷ್ಟೇ ತೆರೆದೆ. ಎಂದಿನ ತುಂಟಗಣ್ಣು ಎದುರಿಗೆ ಸಿಗುತ್ತದೆ, ಇಬ್ಬರೂ ನಗುತ್ತೇವೆ ಎಂದುಕೊಂಡಿದ್ದೆ. ಹಿಲ್ಡಾ ಬಾಯಿ ಅಳುತ್ತಿದ್ದರು. ಶಬ್ದವಿಲ್ಲ, ಮುಖವೂ ಸೊಟ್ಟಗಾಗಿರಲಿಲ್ಲ. ನೀರು ಮಾತ್ರ ಗಲ್ಲದಿಂದ ಇಳಿಯುತ್ತಿತ್ತು. ಒರೆಸಲು ನನ್ನ ಕೈ ಬಿಡಬೇಕಾಗುತ್ತಿತ್ತು, ಅವರು ಬಿಡಲಿಲ್ಲ. ನಾನು ತಟ್ಟನೆ ಕಣ್ಣು ಮುಚ್ಚಿದೆ, ಬಿಗಿಯಾಗಿ ಮುಚ್ಚಿದೆ. ಹಾಡು ಮುಗಿಯುವವರೆಗೂ ತೆರೆಯಲಿಲ್ಲ. ಆ ದಿನ ವೃತ್ತದಲ್ಲಿ ಕೂತಾಗ ಅವರು ಅದೇ ಶಬ್ದ ಹೇಳಿದರು, ಹಸಿವು. ನಾವು ಮೀನಿಗೆ ಹೋದೆವು.

ಅವರು ಹೊರಟ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ನನ್ನ ಹೊಸ್ತಿಲ ಹೊರಗೆ ಕರಿಬೇವಿನ ಕುಂಡ. ಜೊಹರಾಳಿಗೆ ಫೋನ್ ಮಾಡಿ, ನೀನು ಬುಕ್ ಮಾಡಿದ್ದು ಇಲ್ಲಿ ಬಂದಿದೆ ಎಂದೆ. ಅವಳು ನಕ್ಕಳು. "ನಾನೇ ತಂದಿಟ್ಟದ್ದು ಅಕ್ಕಾ. ಹಿಲ್ಡಾ ಬಾಯಿ ಹೇಳಿದ್ರು, ಅವಳು ಬಾಯಿ ಬಿಟ್ಟು ಕೇಳುವ ಜನ ಅಲ್ಲ, ಅವಳ ಬಾಗಿಲಲ್ಲಿ ಇಡು ಅಂತ. ನಿಮಗೆ ಕದ್ದೇ ಅಭ್ಯಾಸ ಅಂತೆ!" ಆಗ ನಾನು ಅತ್ತೆ. ಅಡುಗೆಮನೆಯಲ್ಲಿ ನಿಂತು, ಈರುಳ್ಳಿಯ ನೆಪವೂ ಇಲ್ಲದೆ ಅತ್ತೆ.

ಆಮೇಲೆ ನಾನು ಏನು ಮಾಡಿದೆ ಎಂದು ನೀವು ಊಹಿಸಿರಬಹುದು. ಶನಿವಾರಗಳಲ್ಲಿ ಸೋಫಾದಲ್ಲಿ ಕೂತು ಸೀರಿಯಲ್ ನೋಡಿದೆ. ಒಂದು ವಾರ ತಲೆನೋವು, ಒಂದು ವಾರ ನೆಂಟರು, ಇನ್ನೊಂದು ವಾರ ಕಾರಣವೇ ಬೇಕಾಗಲಿಲ್ಲ. ಕ್ಲಾಸಿಗೆ ಹೋಗ್ತಿದ್ದಿಯಾ ಎಂದು ಊರಿನಿಂದ ಅವರ ವಾಯ್ಸ್ ಮೆಸೇಜ್ ಬರುತ್ತಿತ್ತು. ನಾನು ಬಂಗುಡೆಯ ರೇಟು ಹೇಳಿ ಮಾತು ಮರೆಸುತ್ತಿದ್ದೆ.

ಈ ಶನಿವಾರ ಒಗ್ಗರಣೆ ಹಾಕಿ ಕೈ ತೊಳೆದು ಸೋಫಾಕ್ಕೆ ಬಂದು ಕೂತೆ. ಬೆರಳು ಮೂಗಿನ ಹತ್ತಿರ ಬಂತು. ಕಳ್ಳಿ ಎಂದು ಒಳಗಿನಿಂದ ಯಾರೋ ಕೂಗಿದ ಹಾಗಾಯಿತು. ಟಿವಿ ಆರಿಸಿ, ವೇಲನ್ನು ಸೊಂಟಕ್ಕೆ ಕಟ್ಟಿ, ಟ್ಯಾಕ್ಸಿ ಕರೆದೆ. ನಮ್ಮವರು ಬಾಯಿ ತೆರೆಯುವ ಮೊದಲೇ ಉಪ್ಪಿಟ್ಟಿನ ರವೆ ಎಲ್ಲಿದೆ ಎಂದು ತೋರಿಸಿದೆ.

ಎಲೆನಾ ಮತ್ತೆ ಜೋಡಿಯಾಟವನ್ನೇ ಇಟ್ಟಿದ್ದಳು. ನನ್ನ ಪಾಲಿಗೆ ಬಂದವಳು ಫಿಲಿಪೀನ್ಸಿನ ಹುಡುಗಿ, ಅವಳಿಗೆ ಅದೇ ಮೊದಲ ದಿನ. ಮೈ ಬಿಗಿ ಹಿಡಿದು ಶಾಲೆಯ ವಾರ್ಷಿಕೋತ್ಸವದ ಮರದ ಹಾಗೆ ನಿಂತಿದ್ದಳು. ಕೈ ಹಿಡಿದೆ. ಅವಳ ಒಂದು ರೆಪ್ಪೆ ಅದುರಿ, ಸಣ್ಣಗೆ ತೆರೆದು, ನನ್ನನ್ನು ಕದ್ದು ನೋಡಿತು. ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ಹೊಳೆಯಲಿಲ್ಲ. ಬಾಯಿಗೆ ಬಂದದ್ದೇ ಬೇರೆ.

"ಕಣ್ಣು ಬಿಡ್ಬೇಡ" ಎಂದೆ. "ನಾನು ಉಂಟಲ್ಲ."

ಅವಳಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೂ ಕಣ್ಣು ಮುಚ್ಚಿದಳು. ಗೋಡೆಗೆ ತಾಗಿಸದೆ, ಈಜಿಪ್ಟಿನ ಮನುಷ್ಯನ ಮೇಲೆ ಎಡವಿಸದೆ, ಅವಳನ್ನು ಕೋಣೆಯ ಕೊನೆಯವರೆಗೂ ನಡೆಸಿಕೊಂಡು ಹೋಗಿ ಬಂದೆ.

ಕೊನೆಗೆ ವೃತ್ತದಲ್ಲಿ ಕೂತೆವು. ಬೆಳಕು, ಸಮುದ್ರ, ಶಾಂತಿ ಎಲ್ಲ ಆಗಿ ಸರದಿ ಆ ಹುಡುಗಿಗೆ ಬಂತು. ಅವಳು ತನ್ನ ಅಂಗೈಗಳನ್ನು ಮೂಗಿಗೆ ಹಿಡಿದು ಒಮ್ಮೆ ಮೂಸಿದಳು. ನನ್ನ ಕಡೆ ನೋಡಿ ನಾಚಿಕೊಂಡು, ಹಸಿವು ಎಂದಳು.

ಎಲೆನಾ ಗಂಭೀರವಾಗಿ ತಲೆದೂಗಿದಳು. ನಾನು ಹೊರಗೆ ಬಂದವಳೇ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಲ್ಡಾ ಬಾಯಿಗೆ ವಾಯ್ಸ್ ಮೆಸೇಜ್ ಮಾಡಲು ಫೋನ್ ತೆಗೆದೆ.