ಸೋಮಶೇಖರಪ್ಪನ ಎಡ ಮಂಡಿ

ಆಲ್ದೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ವಿಶಾಲಾಕ್ಷಮ್ಮನಿಗೆ ಇನ್ನೊಂದು ಕೆಲಸವೂ ಇದೆ. ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಅವರ ಜನ ಹೆಣವನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ ಹೂಳುತ್ತಾರೆ. ಮೈ ಸೆಟೆಯುವ ಮೊದಲೇ ಕೂರಿಸಬೇಕು. ಆ ಹೊತ್ತು ಯಾವಾಗ ಬರುತ್ತದೆ, ಯಾವಾಗ ಮೀರುತ್ತದೆ ಎನ್ನುವುದು ಆಕೆಗೆ ಗೊತ್ತು. ಗಿರಣಿಯ ಬಾಯಿಗೆ ಕೈಯೊಡ್ಡಿ ಹಿಟ್ಟಿನ ಬಿಸಿ ನೋಡುವ ಹಾಗೆಯೇ ಸಾಯುವವರ ಪಾದ ಮುಟ್ಟಿ ನೋಡುತ್ತಾಳೆ.

ಇದನ್ನು ಆಕೆಗೆ ಯಾರೂ ಕಲಿಸಲಿಲ್ಲ. ನಲವತ್ತು ವರ್ಷದ ಹಿಂದೆ ಮಲ್ಲಂದೂರಿನಲ್ಲಿ ಆಕೆಯ ಅಪ್ಪ ನಿದ್ದೆಯಲ್ಲೇ ಹೋದ. ಬೆಳಿಗ್ಗೆ ಎಬ್ಬಿಸಹೋದರೆ ಹಲಗೆಯಂತಾಗಿದ್ದ. ಗಂಡಸರು ಬಾಗಿಲು ಹಾಕಿಕೊಂಡು ಮಂಡಿಯ ಮೇಲೆ ಭಾರ ಬಿಟ್ಟರು. ಲಟಕ್ ಎಂದದ್ದು ಹೊರಗಿದ್ದ ಹೆಂಗಸರಿಗೆಲ್ಲ ಕೇಳಿಸಿತು. ಕೇಳಿಸಲಿಲ್ಲವೆಂದು ತೋರಿಸಿಕೊಳ್ಳಲು ಎಲ್ಲರೂ ಅಳು ಜೋರು ಮಾಡಿದರು. ಅವತ್ತಿನಿಂದ ವಿಶಾಲಾಕ್ಷಮ್ಮ ಸಾವಿನ ಮನೆಯಲ್ಲಿ ಬಾಗಿಲ ಹೊರಗೆ ನಿಲ್ಲುವುದನ್ನು ಬಿಟ್ಟಳು.

ಈ ವರ್ಷ ಸೋದರಮಾವನ ಮಗ, ಬಟ್ಟೆ ಅಂಗಡಿಯ ಸೋಮಶೇಖರಪ್ಪ, ಹಾಸಿಗೆ ಹಿಡಿದ. ಒಂದು ದಿನ ಎಲ್ಲರನ್ನೂ ಹೊರಗೆ ಕಳಿಸಿ ಹೇಳಿದ:

"ವಿಶಾಲೂ, ಅವತ್ತು ನಿನ್ನಪ್ಪನ ಮಂಡಿ ಒತ್ತಿದವ್ನು ನಾನೇ ಕಣೆ."

"ಗೊತ್ತು ಭಾವ."

"ಗೊತ್ತಾ? ಇಷ್ಟು ವರ್ಷ ಒಂದ್ ಮಾತೂ ಬೈಲಿಲ್ವಲ್ಲ ಮಾರಾಯ್ತಿ!"

"ಬೈದಿದ್ರೆ ಮೂಳೆ ಕೂಡ್ಕೊಳ್ತಿತ್ತಾ?"

ಮುದುಕ ನಗಲು ಹೋಗಿ ಕೆಮ್ಮಿದ. "ನಂದು ಮುರಿಯಕ್ಕೆ ಬಿಡ್ಬೇಡ."

"ಬಿಡಲ್ಲ," ಎಂದಳು. ಕೊಟ್ಟ ಮಾತು ಅಷ್ಟೆ.

ಆಮೇಲೆ ಒಂದೊಂದೇ ಗುರುತು ಬಂತು. ಅನ್ನ ಬಿಟ್ಟ, ನೀರು ಬಿಟ್ಟ. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಬೆರಳು ಸುಮ್ಮನೆ ಹೊದಿಕೆಯ ಅಂಚು ಕೀಳುತ್ತಿದ್ದವು. ಮೂಗು ಚೂಪಾಯಿತು. ಗಂಟಲಲ್ಲಿ ಗೊರಗೊರ ಶುರುವಾದಾಗ ಅವನ ಸೊಸೆ ರಜನಿ ಗಾಬರಿಯಾದಳು. "ಅದು ನೋವಲ್ಲ ಕಣೇ, ಎಂಜಲು ನುಂಗೋ ಶಕ್ತಿ ಹೋಗಿದೆ, ಪಕ್ಕಕ್ಕೆ ಹೊರಳ್ಸು," ಎಂದಳು ವಿಶಾಲಾಕ್ಷಮ್ಮ. ಬುಧವಾರ ಬೆಳಿಗ್ಗೆ ಪಾದ ಮುಟ್ಟಿದಳು. ತಣ್ಣಗಿತ್ತು. ಆದರೆ ಕೊನೆಗೆ ಬರುವ ಗುರುತು, ಮಂಡಿಯ ಸುತ್ತ ನೇರಳೆ ಕಲೆ, ಇನ್ನೂ ಮೂಡಿರಲಿಲ್ಲ.

"ಸಾಯಂಕಾಲದವರೆಗೂ ಇರ್ತಾರೆ," ಎಂದು ಮುದುಕನ ಮಗ ಹಾಲೇಶನಿಗೆ ಹೇಳಿ, ಗಿರಣಿಯ ಸವೆದ ಕಲ್ಲಿಗೆ ಹಲ್ಲು ಕೆತ್ತಿಸಲು ಚಿಕ್ಕಮಗಳೂರಿನ ಬಸ್ಸು ಹತ್ತಿದಳು.

ತಪ್ಪಿದ್ದು ಅಲ್ಲೇ. ಗುರುತುಗಳು ಎಲ್ಲರಲ್ಲೂ ಸಾಲಾಗಿ ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ಮುದುಕ ಹೋಗಿಬಿಟ್ಟಿದ್ದ. ಕಲ್ಲು ಕೆತ್ತುವ ಸದ್ದಿನಲ್ಲಿ ಚೀಲದೊಳಗಿನ ಫೋನು ಹೊಡೆದುಕೊಂಡದ್ದು ಆಕೆಗೆ ಗೊತ್ತಾಗಲಿಲ್ಲ. ಮುದುಕನ ಮಗಳು ಶಿಲ್ಪಾ ಕಳಸದಿಂದ ಬರಬೇಕಲ್ಲ ಎಂದು ಹಾಲೇಶ ಬಾಡಿಗೆಗೆ ಫ್ರೀಜರ್ ಬಾಕ್ಸ್ ತರಿಸಿದ. ಪೆಟ್ಟಿಗೆ ಇರುವುದೇ ಮಲಗಿಸಲಿಕ್ಕೆ. ಮಲಗಿಸಿದರು. ಕೂರಬೇಕಾದವನನ್ನು ಕಾಲು ನೀಡಿಸಿ ಮಲಗಿಸಿದ್ದೇವೆ ಅಂತ ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೂರು ಗಂಟೆಗೆ ವಿಶಾಲಾಕ್ಷಮ್ಮ ಬಂದಾಗ ಶಿಲ್ಪಾ ಬಂದು ಅತ್ತು ಸುಮ್ಮನಾಗಿದ್ದಳು. ದಾಯಾದಿ ರುದ್ರೇಶ್ ಅಂಗಿಯ ತೋಳು ಮಡಿಚುತ್ತಿದ್ದ.

"ಅತ್ತೆ, ನೀವು ಹೊರಗಿರಿ. ಒಂದ್ ಸಲ ಜೋರಾಗಿ ಒತ್ತಿದ್ರೆ ಮುಗೀತು."

"ನೀನು ಹೊರಗಿರು. ಬಿಸಿನೀರು ಕಾಯ್ಸು, ನಾಲ್ಕು ಟವೆಲ್ ತಗೊಂಡ್ ಬಾ."

ಗಲ್ಲ, ಕುತ್ತಿಗೆ, ತೋಳು, ತೊಡೆ, ಎಲ್ಲ ಬಿಗಿದಿತ್ತು. ಹೊರಳಿಸಿದಾಗ ಬೆನ್ನೆಲ್ಲ ಕೆಂಪು ಮಿಶ್ರಿತ ಕಪ್ಪು. ರಜನಿ ಬಗ್ಗಿ ನೋಡಿದಳು. "ಯಾರೋ ಹೊಡ್ದಂಗಿದೆ ಅತ್ತೆ..."

"ಯಾರೂ ಹೊಡೆದಿಲ್ಲ. ರಕ್ತ ಓಡಾಡೋದು ನಿಂತ ಮೇಲೆ ಕೆಳಗಿಳಿಯುತ್ತೆ. ಕಾಲು ಹಿಡ್ಕೊ."

ಬಿಸಿ ಬಟ್ಟೆ ಸುತ್ತಿ ಮೊದಲು ಸೊಂಟದ ಕೀಲು, ಆಮೇಲೆ ಮಂಡಿ. ತೊಡೆಯ ಮಾಂಸವನ್ನು ಹಿಟ್ಟು ನಾದಿದ ಹಾಗೆ ನಾದಿ, ಒಂದಿಷ್ಟು ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ. ಸೆಟೆದಿರುವುದು ಮಾಂಸವೇ ಹೊರತು ಮೂಳೆಯಲ್ಲ. ಅವಸರ ಮಾಡುವವರಿಗೆ ಅದು ತಿಳಿಯುವುದಿಲ್ಲ. ಕೈ ನಡೆಯುತ್ತಿದ್ದಂತೆಯೇ ಹಾಲೇಶನಿಗೆ ಹೇಳಿದಳು: "ಸಾಯಂಕಾಲ ಅಂದವಳು ನಾನು. ತಪ್ಪು ನಂದು." ಹಾಲೇಶ ಆರಿದ ನೀರು ಬದಲಾಯಿಸಿದ.

ಒಂದೂವರೆ ಗಂಟೆಯಲ್ಲಿ ಬಲಗಾಲು ಮಡಿಚಿತು. ಅಂಗೈ ಬಿಚ್ಚಿತು, ಲಿಂಗ ಕೂತಿತು. ಎಡ ಮಂಡಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಗೋಡೆಗೆ ಒರಗಿಸಿ ಎದೆಗೆ ಬಟ್ಟೆ ಕಟ್ಟಿದರೆ ಆ ಮಂಡಿ ಮಾತ್ರ ಮೇಲೆದ್ದು ನಿಂತಿತ್ತು.

ಬಾಗಿಲಲ್ಲಿ ರುದ್ರೇಶ್. "ಗುಂಡಿ ಒಳಗೆ ಕೂರ್ಸೋ ಗೂಡು ಅಳತೆಗೆ ತೆಗ್ದಾಗಿದೆ. ಈ ಮಂಡಿ ಇಟ್ಕೊಂಡು ಹಿಡಿಯಲ್ಲ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು. ಇಷ್ಟೇ ಇಷ್ಟು ಒತ್ತಿಬಿಡ್ತೀನಿ."

ವಿಶಾಲಾಕ್ಷಮ್ಮ ಮಂಡಿಯ ಮೇಲೆ ತನ್ನ ಕೈಯಿಟ್ಟಳು. "ಗುಂಡಿ ಅಳತೆಗೆ ಮನುಷ್ಯನ್ನ ಮುರೀತೀಯೇನೋ? ಮಣ್ಣು ಅಗೆಯಕ್ಕೆ ಸೋಮಾರಿತನವಾ? ಹಾರೆ ತಗೊಂಡು ನಡಿ."

"ಪದ್ಮಾಸನ ಆಗ್ಬೇಕಲ್ಲ, ಐನೋರೇ ನೀವೇ ಹೇಳಿ!"

ಕ್ರಿಯೆ ಮಾಡಿಸಲು ಬಂದಿದ್ದ ಓಂಕಾರಮೂರ್ತಿ ಅಯ್ಯನವರು ಹೆಣವನ್ನು ನೋಡಿದರು, ಆಕೆಯ ಕೈಯನ್ನು ನೋಡಿದರು. ವಿಭೂತಿಯ ತಟ್ಟೆ ಎತ್ತಿಕೊಂಡು, "ಲಿಂಗ ಕೈಯಲ್ಲಿದೆ, ಸಾಕು. ಎಡಗಡೆ ಒಂದು ಗೇಣು ಅಗಲ ಮಾಡ್ರಪ್ಪ," ಎಂದರು.

ರುದ್ರೇಶ್ ಗೊಣಗುತ್ತಲೇ ಹೋದ, ಗೊಣಗುತ್ತಲೇ ಅಗೆದ. ಹೂವು ಕಟ್ಟಿದ ಮೇಲೆ ರಜನಿ ಮೆಲ್ಲಗೆ ಅಂದಳು: "ಅಂಗಡೀಲಿ ಬಟ್ಟೆ ಅಳೆಯುವಾಗ ಮಾವ ಹಿಂಗೇ ಕೂರ್ತಿದ್ರು, ಒಂದು ಮಂಡಿ ಎತ್ಕೊಂಡು."

"ಹೂಂ," ಎಂದಳು ವಿಶಾಲಾಕ್ಷಮ್ಮ. ಆಕೆ ಅದನ್ನು ಯೋಚಿಸಿ ಮಾಡಿರಲಿಲ್ಲ.

ಗೂಡಿಗೆ ಇಳಿಸುವಾಗ ಆಕೆ ಗುಂಡಿಯ ಅಂಚಿನಲ್ಲೇ ನಿಂತು ಕಿವಿಗೊಟ್ಟಳು. ಹಗ್ಗದ ಸದ್ದು, ಗಂಡಸರ ಏದುಸಿರು, ಬುಟ್ಟಿಯಿಂದ ಸುರಿಯುವ ವಿಭೂತಿಯ ಸದ್ದು. ಬೇರೇನೂ ಕೇಳಿಸಲಿಲ್ಲ. ಮಣ್ಣು ಎಡ ಮಂಡಿಯನ್ನು ಮುಚ್ಚುವವರೆಗೂ ನಿಂತಿದ್ದು, ಆಮೇಲೆ ಕೈ ತೊಳೆಯಲು ಹೋದಳು.